ಬೀಗದ ಕಡ್ಡಿಗಳ ಆರು ವಾರ

ಬಿಸ್ಕತ್ತಿನ ಡಬ್ಬಿಯನ್ನು ಆಕೆ ನನ್ನ ಮೇಜಿನ ಮೇಲೆ ಬೋರಲು ಹಾಕಿದಾಗ ನಾನು ಮೊದಲು ನೋಡಿದ್ದು ಅಂಚುಗಳನ್ನು. ಪಾಲಿಶ್ ಕೆಲಸದವಳ ಅಭ್ಯಾಸ ಅದು. ವಸ್ತು ಏನು ಎನ್ನುವುದು ಆಮೇಲೆ. ಬೆರಳಿಗಿಂತ ತುಸು ಉದ್ದದ, ಅರ್ಧ ಮಿಲಿಮೀಟರಿಗಿಂತ ಚೂರು ದಪ್ಪನೆಯ ಸ್ಪ್ರಿಂಗ್ ಸ್ಟೀಲಿನ ಕಡ್ಡಿಗಳು. ಒಂದರ ತುದಿ ಕೊಕ್ಕೆಯಂತೆ ಬಾಗಿತ್ತು, ಇನ್ನೊಂದರದು ಅಲೆ ಅಲೆಯಾಗಿತ್ತು. ಯಂತ್ರದಲ್ಲಿ ಕತ್ತರಿಸಿ ತಂದದ್ದು ಎನ್ನುವುದು ಸ್ಪಷ್ಟವಾಗಿತ್ತು. ಒಂದು ಬದಿಗೆ ಉದ್ದಕ್ಕೂ ಸಣ್ಣ ಮುಳ್ಳು ಎದ್ದಿತ್ತು, ಹೆಬ್ಬೆರಳಾಡಿಸಿದರೆ ಚರ್ಮ ತರಚುತ್ತಿತ್ತು.

"ಇವು ಏನ್ರಿ? ಹಲ್ಲಿನ ಡಾಕ್ಟರರವೇನು?" ಎಂದೆ.

"ಅಲ್ರಿ. ಕೀಲಿ ತೆಗಿಯೋ ಕಡ್ಡಿ," ಎಂದರು ಆಕೆ.

ನಮ್ಮ ಕಡೆ ಬೀಗಕ್ಕೆ ಕೀಲಿ ಎನ್ನುತ್ತೇವೆ. ಆಕೆಯೂ ನಮ್ಮ ಕಡೆಯವರೇ, ಧಾರವಾಡದವರು. ಈಗ ಈ ಮರಾಠಿ ಊರಿನ ಕೋಥರೂಡ್ ಬಡಾವಣೆಯಲ್ಲಿ ಮಕ್ಕಳಿಗೆ ಗಣಿತದ ಪಾಠ ಹೇಳುತ್ತಾರೆ. ಅವರ ಮಾತು ಕೇಳಿ ನನ್ನ ಕೈ ಕಡ್ಡಿಯಿಂದ ಹಿಂದೆ ಸರಿದದ್ದನ್ನು ಅವರು ಗಮನಿಸಿರಬೇಕು. ಚೀಲದಿಂದ ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಬೀಗ ತೆಗೆದು ಮುಂದಿಟ್ಟರು. ಒಳಗಿನ ಪಿನ್ನುಗಳು, ಅವುಗಳ ಮೇಲೆ ಕೂತ ಸ್ಪ್ರಿಂಗುಗಳು ಎಲ್ಲವೂ ಕಾಣುತ್ತಿದ್ದವು. ಭಾನುವಾರ ಭಾನುವಾರ ಒಂದಷ್ಟು ಜನ ಸೇರುತ್ತಾರಂತೆ, ಕೆಲವರು ಚದುರಂಗ ಆಡಲು ಸೇರುವ ಹಾಗೆ. ಯಾರ ಬೀಗ ಬೇಗ ತೆರೆಯುತ್ತದೆ ಎಂದು ನೋಡುವುದು, ಬೀಗದ ಒಳಗನ್ನು ಬೆರಳಿನಿಂದಲೇ ತಿಳಿದುಕೊಳ್ಳುವುದು.

"ಎರಡs ಕಾಯ್ದೆ ನಮ್ಮವು," ಎಂದರು. "ನಿಂದಲ್ಲದ ಕೀಲಿ ಮುಟ್ಟಬ್ಯಾಡ. ನಿಂದs ಆದ್ರೂ ಬಾಗಲಕ್ಕ ಹಾಕಿದ್ದು ಮುಟ್ಟಬ್ಯಾಡ."

ಇಪ್ಪತ್ನಾಲ್ಕು ಸೆಟ್ಟು. ಪ್ರತಿ ಸೆಟ್ಟಿನಲ್ಲಿ ಐದು ಕಡ್ಡಿ, ಜೊತೆಗೆ ಬೀಗದ ಬಾಯಿಯಲ್ಲಿ ಸಿಕ್ಕಿಸಿ ತಿರುವಿ ಹಿಡಿಯುವ ಎರಡು ಬಾಗಿದ ಪಟ್ಟಿ. ಆರು ವಾರದ ನಂತರ ಕೋಥರೂಡಿನ ಒಂದು ಸಭಾಗೃಹದಲ್ಲಿ ಹೊಸಬರನ್ನು ಕರೆದು ಕಲಿಸುವ ದಿನ ಇಟ್ಟುಕೊಂಡಿದ್ದರು. ಅಷ್ಟರಲ್ಲಿ ಎಲ್ಲ ನಯವಾಗಿ ಸಿದ್ಧವಾಗಬೇಕು. ಅಂಗಡಿ ಹಾಕುವ ಮೊದಲು ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಸಾಮಾನಿನ ಉಕ್ಕಿನ ಅಚ್ಚುಗಳಿಗೆ ಕನ್ನಡಿ ಪಾಲಿಶ್ ಕೊಟ್ಟು ನನ್ನ ಕೈ ಪಳಗಿತ್ತು. ಒಪ್ಪಿಕೊಂಡೆ.

ನನ್ನ ಅಂಗಡಿ ಬಿಬವೇವಾಡಿ ಬಡಾವಣೆಯ ಒಂದು ಒಳಗಲ್ಲಿಯಲ್ಲಿತ್ತು. ಒಂದು ಶಟರ್, ಒಂದು ಮೇಜು, ಪಾಲಿಶ್ ಚಕ್ರ ತಿರುಗಿಸುವ ಒಂದು ಬಫ್ ಮೋಟಾರು. ಕೆಲಸ ಶುರು ಮಾಡಿದ್ದು ಸಣ್ಣ ಚಪ್ಪಟೆ ಅರದಿಂದ. ಕಡ್ಡಿಯನ್ನು ಎರಡು ಮರದ ತುಂಡುಗಳ ನಡುವೆ ಬಿಗಿದು, ಮುಳ್ಳು ಎದ್ದ ಬದಿಯನ್ನು ಅರದಿಂದ ಉದ್ದಕ್ಕೆ ಎಳೆದು ತೆಗೆಯಬೇಕು. ಆಮೇಲೆ ಮರಳುಕಾಗದ: ಇನ್ನೂರ ಇಪ್ಪತ್ತರಿಂದ ಶುರು, ನಾನೂರು, ಆರುನೂರು, ಸಾವಿರ, ಎರಡು ಸಾವಿರ. ನಂಬರು ಏರಿದಂತೆ ಮರಳು ಸಣ್ಣದಾಗುತ್ತದೆ. ಒಂದು ಕಾಗದದ ಗೀರು ಪೂರ್ತಿ ಹೋಗುವವರೆಗೆ ಮುಂದಿನದಕ್ಕೆ ಕೈಹಾಕುವಂತಿಲ್ಲ. ಕೊಕ್ಕೆಯ ಒಳಬಾಗಿಗೆ ಸೈಕಲ್ ಕಡ್ಡಿಯ ತುಂಡಿಗೆ ಕಾಗದ ಸುತ್ತಿಕೊಂಡೆ. ಕಡೆಗೆ ಉಣ್ಣೆಯ ಚಕ್ರ, ಪಾಲಿಶ್ ಮೇಣ. ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಿದಾಗ ಕಡ್ಡಿಯ ಮೈಯಲ್ಲಿ ನನ್ನ ಮೂಗುಬೊಟ್ಟು ಕಾಣಿಸುತ್ತಿತ್ತು.

ಮೊದಲ ವಾರ ಮುಗಿಯುವ ಹೊತ್ತಿಗೆ ಮೂರು ಸೆಟ್ಟು ಆದವು. ಅವನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದಾಗಲೇ ಅಂಗಡಿಯ ಮಾಲೀಕರು ಒಳಗೆ ಬಂದರು. ವಿಜಯಪುರದ ಕಡೆಯಿಂದ ಬಂದು ಇಲ್ಲಿ ಸ್ಟೀಲು ಪಾತ್ರೆಗಳ ವ್ಯಾಪಾರ ಮಾಡುವವರು. ಗಲ್ಲಿಯ ತುದಿಯಲ್ಲೇ ಅವರ ಅಂಗಡಿ. ಗಲ್ಲಿಯ ಅಂಗಡಿಕಾರರ ಸಂಘಕ್ಕೂ ಅವರೇ ಕಾರ್ಯದರ್ಶಿ. ಇಡೀ ಗಲ್ಲಿಯಲ್ಲಿ ನನ್ನೊಂದಿಗೆ ಕನ್ನಡ ಆಡುವವರು ಅವರೊಬ್ಬರೇ.

"ಭಾಳ ಛಲೋ ಹೊಳಿತಾವಲ್ರಿ. ಏನಿವು?"

ಸುಳ್ಳು ಹೇಳುವ ಯೋಚನೆ ಬರಲಿಲ್ಲ. ಇದ್ದದ್ದನ್ನು ಹೇಳಿದೆ. ಅವರು ಕೈಯಲ್ಲಿದ್ದ ಕಡ್ಡಿಯನ್ನು ಸುಡುವ ಬಾಂಡಲಿಯಂತೆ ಕೆಳಗಿಟ್ಟರು.

ಎರಡು ದಿನ ಬಿಟ್ಟು ಸಂಘದ ಸಭೆ ಕರೆದರು. ಹೊಲಿಗೆ ಯಂತ್ರದ ಅಂಗಡಿಯ ಹಿಂದಿನ ಕೋಣೆಯಲ್ಲಿ ಹತ್ತು ಹನ್ನೆರಡು ಗಂಡಸರು, ನಾನೊಬ್ಬಳು. ಎಲ್ಲರೂ ಒಟ್ಟಿಗೆ ಮರಾಠಿಯಲ್ಲಿ ಮಾತನಾಡುತ್ತಿದ್ದರು. ಕಳ್ಳರ ಸಾಮಾನು ಎಂಬ ಮಾತು ನಾಲ್ಕು ಬಾರಿ ಬಂತು. ನನಗೆ ಹೆದರಿಕೆಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಆ ಹೆದರಿಕೆಯಲ್ಲಿ ಒಂದು ಸುಲಭದ ದಾರಿ ಹೊಳೆಯಿತು. ಎದ್ದು ನಿಂತು, ನನಗೆ ಬೀಗ ತೆರೆಯಲು ಬರುವುದಿಲ್ಲ, ಯಾವತ್ತೂ ತೆರೆದಿಲ್ಲ, ನಾನು ಬರೀ ಪಾಲಿಶ್ ಮಾಡುವವಳು, ಕೊಟ್ಟವರು ಅದರಿಂದ ಏನು ಮಾಡುತ್ತಾರೋ ನನಗೆ ಸಂಬಂಧವಿಲ್ಲ ಎಂದೆ. ಮಾಲೀಕರ ಮುಖ ಸಡಿಲವಾಯಿತು. ಅದನ್ನೇ ಒಂದು ಕಾಗದದಲ್ಲಿ ಬರೆಸಿದರು. ಸಹಿ ಮಾಡಿದೆ. ಚಹಾ ಬಂತು, ಕುಡಿದೆ.

ಮನೆಯಲ್ಲಿ ಯಜಮಾನರಿಗೆ ಹೇಳಿದಾಗ ಅವರು, "ಛಲೋ ಆತು, ಮುಗೀತಲ್ಲ," ಎಂದರು. ನನಗೂ ಮುಗಿಯಿತು ಅನ್ನಿಸಿತು.

ಶನಿವಾರ ಗಣಿತದ ಬಾಯಿ ಬಂದರು; ಇಲ್ಲಿ ಟೀಚರಮ್ಮನಿಗೆ ಬಾಯಿ ಎನ್ನುತ್ತಾರೆ. ಮೂರು ಸೆಟ್ಟುಗಳನ್ನು ಹೆಮ್ಮೆಯಿಂದ ಮುಂದಿಟ್ಟೆ. ಅವರು ಹೊಳಪನ್ನು ನೋಡಲೇ ಇಲ್ಲ. ಹಿತ್ತಾಳೆಯ ಒಂದು ಬೀಗ ಎಡಗೈಯಲ್ಲಿ ಹಿಡಿದು, ತಿರುವುಪಟ್ಟಿ ಸಿಕ್ಕಿಸಿ, ಕಣ್ಣು ಮುಚ್ಚಿ ಕೊಕ್ಕೆಯ ಕಡ್ಡಿಯನ್ನು ಒಳಗೆ ಬಿಟ್ಟರು. ಒಂದು ನಿಮಿಷವಾಯಿತು. ಇನ್ನೊಂದು ಕಡ್ಡಿ. ಮತ್ತೊಂದು. ಕಣ್ಣು ತೆರೆದರು.

"ಕನ್ನಡಿ ಆಗ್ಯಾವ್ರಿ. ಆದರ ಕೈಗೆ ಕಿವುಡು."

"ಅಂದ್ರ?"

"ಒಳಗ ಏನ್ ನಡದದ ಅಂತ ಕಡ್ಡಿ ನನಗ ಹೇಳಬೇಕು. ಇದು ಬರೇ ತನ್ನ ಸುದ್ದಿ ಹೇಳ್ತದ. ಕರಕರ ಅಂತದ. ತುದಿ ಪಿನ್ನಿನ ಮ್ಯಾಲಿಂದ ಜಾರತದ."

ನನಗೆ ಸಿಟ್ಟು ಬಂತು. ಅಚ್ಚಿನ ಕಾರ್ಖಾನೆಯಲ್ಲಿ ನನ್ನ ಪಾಲಿಶನ್ನು ಹಿಂದೆ ಕಳಿಸಿದವರು ಯಾರೂ ಇರಲಿಲ್ಲ. ಎಲ್ಲಿ ಕರಕರ ಎನ್ನುತ್ತದೆ ತೋರಿಸಿ ಎಂದೆ. ಅವರು ತೋರಿಸಲು ಬರುವುದಿಲ್ಲ ಎಂದರು. "ನೀವs ಕೀಲಿ ಒಮ್ಮೆ ತಗದು ನೋಡ್ರಿ. ಹತ್ತು ನಿಮಿಷದಾಗ ತಿಳಿತದ."

"ನಾ ಕಲಿಯಂಗಿಲ್ರಿ. ಬರೆದು ಕೊಟ್ಟೀನಿ," ಎಂದೆ.

ಅವರು ಪಾರದರ್ಶಕದ್ದು, ಹಿತ್ತಾಳೆಯದು ಎರಡೂ ಬೀಗಗಳನ್ನು ಮೇಜಿನ ಮೇಲೆಯೇ ಬಿಟ್ಟು ಹೋದರು.

ಮುಂದಿನ ಎರಡು ವಾರ ನಾನು ಬೀಗ ಮುಟ್ಟದೆ ಕಡ್ಡಿ ಸರಿಮಾಡಲು ಹೊರಟೆ. ಭೂತಗನ್ನಡಿ ತಂದು ನೋಡಿದಾಗ ಒಂದು ತಪ್ಪು ಕಂಡಿತು. ಅಗಲವಾದ ಮೈಗೆ ಕನ್ನಡಿ ಹೊಳಪು ಕೊಟ್ಟಿದ್ದೆ, ಆದರೆ ಅರ್ಧ ಮಿಲಿಮೀಟರಿನ ಆ ಸಣ್ಣ ಅಂಚಿನ ಮೇಲೆ ಕಾಗದ ಅಡ್ಡಡ್ಡ ಓಡಿದ ಗೀರುಗಳು ಹಾಗೇ ಉಳಿದಿದ್ದವು. ಅಚ್ಚಿನಲ್ಲಿ ಅಂಚು ಯಾರಿಗೂ ಬೇಡ. ಇಲ್ಲಿ ಅಂಚೇ ಕೆಲಸ ಮಾಡುವುದು. ಕಾಗದವನ್ನು ಬಿದಿರಿನ ಕಡ್ಡಿಗೆ ಅಂಟಿಸಿ, ಅಂಚಿನ ಉದ್ದಕ್ಕೆ ಮಾತ್ರ ಎಳೆದೆ. ಪರೀಕ್ಷೆಗೆ ಹತ್ತಿ ಇಟ್ಟುಕೊಂಡೆ. ಅಂಚಿನ ಮೇಲೆ ಹತ್ತಿ ಎಳೆದರೆ, ಎಲ್ಲಾದರೂ ಮುಳ್ಳು ಉಳಿದಿದ್ದರೆ ಒಂದು ಎಳೆ ಸಿಕ್ಕಿಕೊಳ್ಳುತ್ತದೆ. ಎಳೆ ಸಿಗದಿದ್ದರೆ ಅಂಚು ಸರಿ.

ಹೊಸದಾಗಿ ಆರು ಸೆಟ್ಟು ಕಳಿಸಿದೆ. ಬಾಯಿ ಫೋನು ಮಾಡಿದರು. ಕರಕರ ಹೋಗಿದೆ, ಆದರೆ ತುದಿ ಇನ್ನೂ ಜಾರುತ್ತದೆ ಎಂದರು. ತಿರುವುಪಟ್ಟಿಯೂ ನಿಲ್ಲುತ್ತಿಲ್ಲವಂತೆ.

ಅವಸರ ಹತ್ತಿತು. ತುದಿಯನ್ನು ಮತ್ತಷ್ಟು ನಯ ಮಾಡಿದರೆ ಸರಿಹೋದೀತು ಎಂದುಕೊಂಡು ಬಫ್ ಚಕ್ರಕ್ಕೆ ಒತ್ತಿ ಹಿಡಿದೆ. ಕೊಕ್ಕೆಯ ತುದಿ ಅಷ್ಟು ತೆಳ್ಳಗಿನದು. ಬಿಸಿ ಹೋಗಲು ಜಾಗವಿಲ್ಲ. ತುದಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ನೋಡುತ್ತಿದ್ದಂತೆ ನೀಲಿಯಾಯಿತು. ಅಂದರೆ ಉಕ್ಕಿನ ಬಿಗಿ ಹೋಯಿತು. ಬೆರಳಿನಿಂದ ಬಗ್ಗಿಸಿದೆ, ಹಿಂದಕ್ಕೆ ಬರಲಿಲ್ಲ. ತಂತಿಯಂತೆ ಬಾಗಿಯೇ ಉಳಿಯಿತು. ಡಬ್ಬಿಯಲ್ಲಿ ನೋಡಿದರೆ ಆ ದಿನ ಮಾಡಿದ ಉಳಿದ ಏಳರ ಗತಿಯೂ ಅದೇ.

ನೀಲಿ ಬಣ್ಣವನ್ನು ಎರಡು ಸಾವಿರದ ಕಾಗದದಿಂದ ಎರಡು ಉಜ್ಜಿನಲ್ಲಿ ತೆಗೆಯಬಹುದು. ಒಂದನ್ನು ತೆಗೆದೂ ಬಿಟ್ಟೆ. ಬೆಳ್ಳಿಯಂತೆ ಹೊಳೆಯಿತು. ಯಾರ ಕಣ್ಣಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಯಾರೋ ಹೊಸಬರು ಅದನ್ನು ಮೊದಲ ಸಲ ಬೀಗದೊಳಗೆ ಬಿಟ್ಟಾಗ ಬಾಗುತ್ತಿತ್ತು, ಅವರು ತಮ್ಮ ಕೈಯದೇ ತಪ್ಪು ಎಂದುಕೊಳ್ಳುತ್ತಿದ್ದರು.

ಆ ಹೊಳೆಯುವ ಕಡ್ಡಿಯನ್ನು ಹಿಡಿದುಕೊಂಡು ಬಹಳ ಹೊತ್ತು ಕೂತೆ. ಕಾರ್ಖಾನೆಯಲ್ಲಿ ನಾನು ಪಾಲಿಶ್ ಮಾಡಿದ ಅಚ್ಚುಗಳಿಂದ ಏನೇನು ತಯಾರಾಯಿತು ಎನ್ನುವುದು ಅರ್ಧಕ್ಕರ್ಧ ನನಗೆ ಗೊತ್ತಿಲ್ಲ. ಒಮ್ಮೆ ಕೇಳಿದ್ದಕ್ಕೆ ಮೇಲ್ವಿಚಾರಕ, "ನೀ ಹೊಳಪು ನೋಡ್ಕೋ, ಉಳಿದದ್ದು ನಾವು ನೋಡ್ಕೋತೀವಿ," ಎಂದಿದ್ದ. ಸಭೆಯಲ್ಲಿ ನಾನು ಬರೆದುಕೊಟ್ಟದ್ದೂ ಅದೇ ಮಾತು. ಬೇರೆಯವರು ನನ್ನ ಬಾಯಿಗೆ ತುರುಕಿದ ಮಾತನ್ನು ಈ ಸಲ ನಾನೇ ನನ್ನ ಸಹಿ ಹಾಕಿ ಕೊಟ್ಟಿದ್ದೆ. ನನಗೇನೂ ಗೊತ್ತಿಲ್ಲ, ಆದ್ದರಿಂದ ನಾನು ಒಳ್ಳೆಯವಳು. ಗೊತ್ತಿಲ್ಲದೆಯೇ ಎಂಟು ಕಡ್ಡಿ ಸುಟ್ಟಿದ್ದೆ.

ಎಂಟನ್ನೂ ಕಟಿಂಗ್ ಇಕ್ಕಳದಿಂದ ತುಂಡು ಮಾಡಿ ಗುಜರಿ ಡಬ್ಬಕ್ಕೆ ಹಾಕಿದೆ. ಆಮೇಲೆ ಶಟರನ್ನು ಪೂರ್ತಿ ಮೇಲೆತ್ತಿ, ಮೇಜನ್ನು ಬಾಗಿಲ ಬಳಿಗೆ ಎಳೆದು, ಗಣಿತದ ಬಾಯಿಯವರು ಬಿಟ್ಟುಹೋಗಿದ್ದ ಬೀಗಗಳನ್ನು ಕೈಗೆ ತೆಗೆದುಕೊಂಡೆ. ಸಂಜೆ ಐದು ಗಂಟೆ. ಗಲ್ಲಿಯ ತುಂಬ ಜನ.

ಪಾರದರ್ಶಕ ಬೀಗ ಒಂದು ಗಂಟೆಯಲ್ಲಿ ತೆರೆಯಿತು. ಅದಕ್ಕೆ ಅರ್ಥವಿಲ್ಲ, ಕಣ್ಣಿಗೆ ಕಾಣುತ್ತದಲ್ಲ. ಹಿತ್ತಾಳೆಯದು ಮೂರು ದಿನ ತೆಗೆದುಕೊಂಡಿತು. ಮೊದಲ ದಿನ ಒಳಗೆ ಏನಿದೆ ಎಂದೇ ತಿಳಿಯಲಿಲ್ಲ. ಎರಡನೆಯ ದಿನ ಒಂದು ಪಿನ್ನು ಉಳಿದವುಗಳಿಗಿಂತ ಬಿಗಿಯಾಗಿ ಕೂತಿದೆ ಎಂದು ಬೆರಳಿಗೆ ಗೊತ್ತಾಯಿತು. ಎತ್ತಲು ಹೋದರೆ ತುದಿ ಜಾರಿತು. ಮತ್ತೆ ಎತ್ತಿದೆ, ಮತ್ತೆ ಜಾರಿತು. ಆಗ ಬಾಯಿ ಹೇಳಿದ್ದು ಮೈಗೆ ತಿಳಿಯಿತು. ನನ್ನ ಪಾಲಿಶ್ ತುದಿಯ ಆಕಾರವನ್ನೇ ತಿಂದುಹಾಕಿತ್ತು. ಪಿನ್ನಿನ ಅಡಿಯಲ್ಲಿ ನಿಲ್ಲಲು ಅದಕ್ಕೆ ಕಾಲೇ ಇರಲಿಲ್ಲ.

ತಪ್ಪುಗಳು ಒಂದೊಂದಾಗಿ ಬಿಚ್ಚಿಕೊಂಡವು. ಕಡ್ಡಿಯ ಹೊಟ್ಟೆ ಬೀಗದ ಬಾಯಿಯ ತಳಕ್ಕೆ ಉಜ್ಜುವುದು ತುದಿಯಿಂದ ಎರಡು ಬೆರಳು ಹಿಂದೆ. ಎಲ್ಲಕ್ಕಿಂತ ಹೆಚ್ಚು ನಯ ಬೇಕಾದದ್ದು ಅಲ್ಲಿ. ತುದಿಯ ಕೊನೆಯ ಎರಡು ಮಿಲಿಮೀಟರನ್ನು ಆರುನೂರರ ಕಾಗದಕ್ಕೇ ನಿಲ್ಲಿಸಬೇಕು, ಚಕ್ರ ತೋರಿಸಲೇಬಾರದು. ತಿರುವುಪಟ್ಟಿಯ ಮೂಲೆಗಳನ್ನು ನಾನು ಪ್ರೀತಿಯಿಂದ ಗುಂಡಗೆ ಮಾಡಿದ್ದೆ. ಅದಕ್ಕೇ ಅದು ನಿಲ್ಲುತ್ತಿರಲಿಲ್ಲ. ಮುಳ್ಳು ತೆಗೆದು ಮೂಲೆಯನ್ನು ಚೌಕವಾಗಿಯೇ ಬಿಡಬೇಕು. ಹಿಡಿಕೆಗೆ ಹೊಳಪು ಬೇಡವೇ ಬೇಡ, ಬೆವರಿಗೆ ಜಾರುತ್ತದೆ. ಇದರಲ್ಲಿ ಒಂದನ್ನೂ ಭೂತಗನ್ನಡಿ ತೋರಿಸಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಹೊಸದಾಗಿ ಮಾಡಿದ ಕಡ್ಡಿಯನ್ನು ಒಳಗೆ ಬಿಟ್ಟೆ. ಒಂದು ಪಿನ್ನು ಕೂತಿತು. ಸದ್ದು ಕಿವಿಗೆ ಬರಲಿಲ್ಲ, ಬೆರಳಿನ ಗೆಣ್ಣಿಗೆ ಬಂತು. ಎರಡನೆಯದು, ನಾಲ್ಕನೆಯದು, ಮೂರನೆಯದು. ಪಟ್ಟಿ ತಿರುಗಿತು, ಬೀಗ ಕೈಯಲ್ಲೇ ಬಾಯಿ ಬಿಟ್ಟಿತು. ಗಲ್ಲಿಯಲ್ಲಿ ಹೋಗುತ್ತಿದ್ದ ಹಾಲಿನವನೊಬ್ಬ ನಿಂತು ನೋಡಿದ. ನಾನು ಕೈ ಅಡಗಿಸಿಕೊಳ್ಳಲಿಲ್ಲ.

ಅಂದೇ ಮಾಲೀಕರ ಪಾತ್ರೆ ಅಂಗಡಿಗೆ ಹೋದೆ.

"ನಾ ಬರದ್ಕೊಟ್ಟ ಕಾಗದ ವಾಪಸ್ ಕೊಡ್ರಿ. ಅದು ಈಗ ಸುಳ್ಳಾಗೇದ," ಎಂದೆ. "ನನಗ ಕೀಲಿ ತಗಿಲಿಕ್ಕೆ ಬರ್ತದ. ಇವತ್ತು ತಗದೆ."

ಅವರು ಗಿರಾಕಿಯನ್ನು ಆಳಿಗೆ ಒಪ್ಪಿಸಿ ನನ್ನನ್ನು ಒಳಗೆ ಕರೆದರು. "ತಲಿ ಕೆಟ್ಟದೇನ್ರಿ ನಿಮಗ? ಕಲಿತ್ರೆಪಾ, ಕಲೀರಿ. ಬಂದು ಯಾಕ ಹೇಳ್ತೀರಿ? ಸುಮ್ನಿದ್ರ ಯಾರಿಗೆ ಗೊತ್ತಾಗ್ತಿತ್ತು?"

"ಅದಕ್ಕs ಬಂದೀನ್ರಿ. ಸುಮ್ನಿದ್ರ ನಾ ಕಳ್ಳಿ ಆಗ್ತೀನಿ."

"ನಮ್ಮ ಅಂಗಡಿ ಒಮ್ಮೆ ಕಳುವಾಗಿತ್ತು. ನಿಮಗ ಗೊತ್ತಿಲ್ಲ."

"ಕಡ್ಡೀಲೆ ತಗದಿದ್ರೇನು?"

"ಇಲ್ಲ. ಕಬ್ಬಿಣದ ಸಬ್ಬಲಲೆ ಶಟರ್ ಮುರದಿದ್ರು. ಆದ್ರ ಅಂಜಿಕಿಗೆ ಅದೆಲ್ಲಾ ತಿಳಿಯಂಗಿಲ್ರಿ."

ಅವರ ಹೆದರಿಕೆ ಸುಳ್ಳಲ್ಲ ಎಂದು ಗೊತ್ತಿತ್ತು. ಆದರೆ ಅದನ್ನು ಹೊತ್ತು ತಿರುಗುವ ಕೆಲಸ ನನ್ನದಲ್ಲ. "ಸಬ್ಬಲ ಮಾರೋ ಅಂಗಡಿ ನಮ್ಮ ಗಲ್ಲ್ಯಾಗs ಅದ. ಅವರ ಕಡೆ ಏನ್ ಬರಿಸ್ಕೊಂಡೀರಿ?" ಎಂದೆ.

ಅವರು ಕಾಗದ ಕೊಡಲಿಲ್ಲ. ಮರುದಿನ ಪೊಲೀಸರು ಬಂದರು. ಒಬ್ಬ ಹವಾಲ್ದಾರ, ಮಧ್ಯವಯಸ್ಸಿನವರು. ಯಾರು ಹೇಳಿ ಕಳಿಸಿದರು ಎಂದು ನಾನು ಕೇಳಲಿಲ್ಲ. ಸ್ಟೂಲು ಕೊಟ್ಟು, ಕಡ್ಡಿಗಳು, ಬೀಗಗಳು, ಬಾಯಿಯ ಹೆಸರು ವಿಳಾಸ, ಕಲಿಸುವ ದಿನದ ಕರೆಪತ್ರ, ಎಲ್ಲವನ್ನೂ ಅವರು ಕೇಳುವ ಮೊದಲೇ ಮುಂದಿಟ್ಟೆ. ಅವರು ಠಾಣೆಗೆ ಫೋನು ಮಾಡಿ ಸಾಹೇಬರೊಂದಿಗೆ ಮಾತನಾಡಿ, ಎಲ್ಲವನ್ನೂ ಬರೆದುಕೊಂಡರು. ಹೊರಡುವಾಗ ಮರಾಠಿಯಲ್ಲಿ, ಮಾಡುವುದಕ್ಕೆ ಅಡ್ಡಿಯಿಲ್ಲ, ಆದರೆ ಈ ಗಲ್ಲಿಯಲ್ಲಿ ಏನಾದರೂ ಕಳುವಾದರೆ ಮೊದಲು ನಿಮ್ಮ ಬಾಗಿಲಿಗೇ ಬರುತ್ತೇವೆ ಎಂದರು.

"ಯಾ ಕೀ," ಎಂದೆ ನಾನೂ ಮರಾಠಿಯಲ್ಲೇ. ಬನ್ನಿ, ಹತ್ತಕ್ಕೆ ಅಂಗಡಿ ತೆರೆಯುತ್ತದೆ, ಚಹಾ ಕುಡಿದು ಹೋಗಿ. ಅವರು ನಗಲಿಲ್ಲ, ಗದರಲೂ ಇಲ್ಲ.

ಸಂಜೆ ಮಾಲೀಕರು ಬಂದು ಬಾಗಿಲ ಹೊರಗೇ ನಿಂತರು. ತಿಂಗಳ ಕೊನೆಗೆ ಅಂಗಡಿ ಬಿಡಬೇಕು ಎಂದರು. "ನಮ್ಮ ಕಡೀಯವರು ಅಂತ ಕೊಟ್ಟಿದ್ದೆ. ಈಗ ನಮ್ಮವರು ಅಂತs ಎಲ್ಲಾರೂ ನನ್ನ ಕಡೆ ಬಟ್ಟು ಮಾಡ್ಲಿಕತ್ತಾರ."

"ಕೆಲಸ ಬಿಟ್ರ ಅಂಗಡಿ ಇರ್ತದೇನ್ರಿ?"

"ಆ ಕೆಲಸ ಒಂದು ಬಿಟ್ರ, ಹತ್ತು ವರ್ಷ ಇರ್ರಿ."

"ಹಂಗಾರ ತಿಂಗಳ ಕೊನಿಗೆ ಬಿಡ್ತೀನ್ರಿ," ಎಂದೆ. ಆ ದಿನ ಇನ್ನು ಅಂಚಿನ ಕೆಲಸ ಸಾಧ್ಯವಿಲ್ಲ ಎಂದು ಬರೀ ಹಿಡಿಕೆಗಳನ್ನು ಉಜ್ಜಿದೆ.

ಉಳಿದದ್ದು ಎರಡು ವಾರ. ಮಾಡಿದ್ದನ್ನೆಲ್ಲ ಪಕ್ಕಕ್ಕಿಟ್ಟು, ತುದಿ ತಿಂದುಹೋದವುಗಳಿಗೆ ಹೊಸ ಕಡ್ಡಿ ತರಿಸಿಕೊಂಡು ಮೊದಲಿನಿಂದ ಶುರುಮಾಡಿದೆ. ಬಫ್ ಮೋಟಾರಿನ ಬೆಲ್ಟು ಕಳಚಿಟ್ಟೆ. ಎಲ್ಲ ಕೈಯಲ್ಲೇ. ಉದ್ದಕ್ಕೆ ಎಳೆತ, ಹತ್ತಿ, ಮತ್ತೆ ಎಳೆತ. ಯಜಮಾನರು ರಜೆ ಹಾಕಿ ನಾಲ್ಕು ದಿನ ಬಂದು ಕೂತರು. ಮೊದಲ ದಿನ, "ಅಂಗಡಿ ಹೋತು, ಇನ್ನೂ ಯಾಕ ಉಜ್ಜತಿ?" ಎಂದು ಬೈದವರು, ಎರಡನೆಯ ದಿನ ಸೀಮೆಎಣ್ಣೆಯಲ್ಲಿ ತೊಳೆಯುವ ಕೆಲಸ ಹಿಡಿದರು. ಪ್ರತಿ ಸೆಟ್ಟಿನ ಪ್ರತಿ ಕಡ್ಡಿಯನ್ನೂ ನಾನೇ ಬೀಗದೊಳಗೆ ಬಿಟ್ಟು ನೋಡಿದೆ, ಬಾಗಿಲ ಬಳಿ, ಎಲ್ಲರ ಕಣ್ಣೆದುರು. ಮೊದಮೊದಲು ಜನ ಆಚೆ ಬದಿಗೆ ಸರಿದು ಹೋಗುತ್ತಿದ್ದರು. ಒಂದು ವಾರ ಕಳೆಯುವಷ್ಟರಲ್ಲಿ ಬೇಜಾರಾಗಿ ನೋಡುವುದನ್ನೇ ಬಿಟ್ಟರು.

ಕಲಿಸುವ ದಿನದ ಹಿಂದಿನ ಬೆಳಿಗ್ಗೆ ಬಾಯಿ ಬಂದರು. ನಡುವಿನಿಂದ ಒಂದು ಸೆಟ್ಟು ಎಳೆದು, ಕಣ್ಣು ಮುಚ್ಚಿ, ಕಡ್ಡಿ ಒಳಗೆ ಬಿಟ್ಟರು. ಬೀಗ ತೆರೆಯಿತು. ಅವರು ಅದನ್ನು ಮತ್ತೆ ಮುಚ್ಚಿ, ಮತ್ತೆ ತೆರೆದರು. "ಇದರ ತುದಿಗೆ ಹೊಳಪs ಇಲ್ಲಲ್ರಿ," ಎಂದರು ಕಣ್ಣು ಬಿಟ್ಟು.

"ಬೇಕಂತ ಬಿಟ್ಟೀನಿ."

"ಯಾರು ಹೇಳಿಕೊಟ್ರು?"

"ಕೀಲಿ," ಎಂದೆ.

ತಿಂಗಳ ಕೊನೆಗೆ ಗಲ್ಲಿ ಬಿಟ್ಟೆ. ಮಾಲೀಕರು ಮೇಜು ಎತ್ತಲು ಆಳನ್ನು ಕಳಿಸಿದರು, ತಾವು ಬರಲಿಲ್ಲ. ಹೊಸ ಜಾಗ ಬಿಬವೇವಾಡಿಯಲ್ಲೇ, ಆದರೆ ಬಸ್ಸು ಓಡಾಡುವ ದೊಡ್ಡ ರಸ್ತೆಯ ಮೇಲೆ. ಹಿಂದಿನದರ ಅರ್ಧದಷ್ಟೂ ಇಲ್ಲ. ಬಾಡಿಗೆಗೆ ಕೇಳುವಾಗಲೇ ಏನು ಕೆಲಸ ಎಂದು ಹೇಳಿಬಿಟ್ಟೆ. ಇಬ್ಬರು ಇಲ್ಲ ಎಂದರು, ಮೂರನೆಯವರು ಬೇಗ ಉತ್ತರ ಕೊಡದೆ, ಕಡ್ಡಿಯೊಂದನ್ನು ತಿರುಗಿಸಿ ಮುರುಗಿಸಿ ನೋಡಿ, ಆಮೇಲೆ ಚಾವಿ ಕೊಟ್ಟರು.

ಬೋರ್ಡು ಬರೆಯಲು ಪೇಂಟರನ್ನು ಕರೆಸಿದೆ. ಚೀಟಿಯಲ್ಲಿ ಮರಾಠಿಯಲ್ಲಿ ಬರೆದುಕೊಟ್ಟಿದ್ದೆ: ಅಚ್ಚು ಪಾಲಿಶ್, ಹಲ್ಲಿನ ಉಪಕರಣ ಪಾಲಿಶ್, ಹವ್ಯಾಸಕ್ಕಾಗಿ ಬೀಗ ತೆರೆಯುವ ಕಡ್ಡಿಗಳ ನಯಗೆಲಸ. ಏಣಿಯ ಮೇಲೆ ನಿಂತು ಮೂರನೆಯ ಸಾಲನ್ನು ಎರಡು ಸಲ ಓದಿದ ಪೇಂಟರು ಕೆಳಗೆ ನೋಡಿದರು.

"ಹೇ ಖರಂಚ್ ಲಿಹೂ ಕಾ, ತಾಯಿ?" ನಿಜವಾಗಿಯೂ ಬರೆಯಲೇ ಎಂದು ಕೇಳುತ್ತಿದ್ದರು. ಬರೀ ಪಾಲಿಶ್ ಎಂದು ಬರೆದರೆ ಸಾಕಲ್ಲ ಎಂದೂ ಸೇರಿಸಿದರು.

"ಲಿಹಾ," ಎಂದೆ. ಬರೆಯಿರಿ.

"ಅಕ್ಷರ ಎಷ್ಟು ದೊಡ್ಡದು ಮಾಡಲಿ?"

ಬಸ್ಸೊಂದು ದಾಟಿ ಹೋಗುವುದನ್ನು ಕಾದು, ನಾನು ರಸ್ತೆಯ ಆಚೆ ಬದಿಗೆ ಹೋಗಿ ನಿಂತೆ. ಅಲ್ಲಿಂದಲೇ ಕೂಗಿ ಹೇಳಿದೆ, ಇಲ್ಲಿ ನಿಂತು ಓದಲು ಬರುವಷ್ಟು.